ಹೊಳೆಮ್ಮನ ಬಲಗೈ

"ಕೈ ಕಟ್ಟಂದ್ರ ಕಟ್ಟಬೇಕು ನೋಡು, ಹೊಳೆಮ್ಮ!"

ಕೊಟ್ರಯ್ಯ ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿ ಬೆತ್ತ ಎತ್ತಿಕೊಂಡರು. ಮೂರನೇ ಕ್ಲಾಸಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನಡುವೆ ನಿಂತ ಹೊಳೆಮ್ಮನ ಬಲಗೈ ಎದೆಯ ಮುಂದೆ ಇನ್ನೂ ದುಂಡಗೆ ತಿರುಗುತ್ತಲೇ ಇತ್ತು.

"ನಾ ತಿರುಗಸಂಗಿಲ್ರಿ ಮಾಸ್ತರ. ಅದಾ ತಿರುಗತೈತ್ರಿ," ಎಂದಳು.

ಪಾಪ, ಸುಳ್ಳಲ್ಲ. ಅವಳ ತಾಯಿ ಭರಮಮ್ಮ ಕಂಪ್ಲಿಯ ನಾಲ್ಕಾರು ಮನೆಯವರ ಜೋಳ ಬೀಸಿಕೊಡುವವಳು. ನಸುಕಿಗೇ ತಾಯಿ ಮಗಳು ಎದುರುಬದುರು ಕೂತು ಬೀಸುಕಲ್ಲಿನ ಗೂಟ ಹಿಡಿದರೆ ಹಿಟ್ಟಿನ ಜೊತೆಗೆ ಹಾಡೂ ಬರುತ್ತಿತ್ತು. ಹುಡುಗಿ ಹಾಡು ಕಲಿತದ್ದೇ ಹಾಗೆ. ಗೂಟ ಇರಲಿ ಬಿಡಲಿ, ಕೈ ತಿರುಗಬೇಕು, ಆಗಲೇ ದನಿ ಏಳುತ್ತಿತ್ತು. ಎದ್ದರೆ ಎಂಥ ದನಿ! ಇಪ್ಪತ್ತೆರಡು ವರ್ಷ ಬೋರ್ಡು ಶಾಲೆಯ ಮಕ್ಕಳ ಅಪಸ್ವರ ಕೇಳಿ ಕಿವಿ ಜಡ್ಡುಗಟ್ಟಿದ್ದ ಮಾಸ್ತರರು, ಮೊದಲ ದಿನ ಅವಳ ಹಾಡು ಕೇಳಿ, ಚಿಟಿಕೆಯಲ್ಲಿದ್ದ ನಶ್ಯ ಮೂಗಿಗೇರಿಸುವುದನ್ನೇ ಮರೆತಿದ್ದರು.

ಆದರೆ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಹೋದ ವರ್ಷ ಜಟಕಾ ಇಳಿದು ಬಂದವರೇ, ಹಾಡುವ ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲ, ಮುಂದಿನ ಸಲವೂ ಹೀಗೇ ಇದ್ದರೆ ಹಾಡಿನ ಪಾಠ ತೆಗೆದು ಕವಾಯತು ಹಾಕಿಸುತ್ತೇನೆ ಎಂದು ಹೇಳಿ ಹೋಗಿದ್ದರು. ವಾರಕ್ಕೆರಡು ತಾಸಿನ ಆ ಪಾಠವೊಂದೇ ಕೊಟ್ರಯ್ಯನವರ ಬದುಕಿನಲ್ಲಿ ಉಳಿದಿದ್ದ ರುಚಿ. ಮಿಕ್ಕದ್ದೆಲ್ಲ ಮಗ್ಗಿ, ಹಾಜರಿ, ಮೊಣಕಾಲು ನೋವು.

ಎರಡು ತಿಂಗಳು ಆ ಕೈಯ ಬೆನ್ನು ಹತ್ತಿದರು. ತಿರುಗಿದರೆ ಬೆರಳ ಗೆಣ್ಣಿಗೆ ಬೆತ್ತ. ಆಮೇಲೆ ಬೆತ್ತ ಎತ್ತುವುದಕ್ಕೂ ಬೇಸತ್ತು, ತಮ್ಮ ಹೆಗಲ ಮೇಲಿನ ವಲ್ಲಿಯಿಂದ ಅವಳ ಎರಡೂ ಕೈ ಸೇರಿಸಿ ಕಟ್ಟಿ ಹಾಡಿಸಿದರು. ಹುಡುಗಿ ಅಳಲಿಲ್ಲ. ದನಿ ದಿನದಿನಕ್ಕೆ ಇಳಿಯಿತು. ಶೀತವಿರಬೇಕು, ಬಿಡುತ್ತದೆ ಎಂದುಕೊಂಡರು.

ಇನ್‌ಸ್ಪೆಕ್ಟರ್ ಬಂದ ದಿನ ಎಲ್ಲರೂ ಕೈ ಕಟ್ಟಿ ನಿಂತಿದ್ದರು. ಹೊಳೆಮ್ಮ ಹಾಡು ಎತ್ತಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಮಾಸ್ತರರು ಶ್ರುತಿ ಹಿಡಿದರು. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೊಮ್ಮೆ ಶ್ರುತಿ ಹಿಡಿದರು. ತುಟಿ ಅಲ್ಲಾಡಿತು, ಅಷ್ಟೆ. ಕೈ ಮಾತ್ರ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಹಿಂದಿನ ಸಾಲಿನ ಸಂಗಮ್ಮ ಗಾಬರಿಬಿದ್ದು ತಾನೇ ಶುರು ಮಾಡಿದಳು. ಉಳಿದವರು ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಹಿಂಬಾಲಿಸಿದರು.

ಇನ್‌ಸ್ಪೆಕ್ಟರ್ ತಲೆದೂಗಿದರು. "ಒಂದು ಮಗುವೂ ಅಲ್ಲಾಡಲಿಲ್ಲ ನೋಡಿ! ಶಿಸ್ತು ಅಂದರೆ ಇದು, ಮಾಸ್ತರೆ. ಹಾಡಿನ ಪಾಠ ಮುಂದುವರಿಯಲಿ."

ಎಲ್ಲರೂ ಹೋದ ಮೇಲೆ ಮಾಸ್ತರರು ಹೊಳೆಮ್ಮನನ್ನು ನಿಲ್ಲಿಸಿಕೊಂಡರು. ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ.

"ಕೈ ಬಿಡವ್ವಾ. ಹೆಂಗ ಬೇಕೋ ಹಂಗ ತಿರುಗಸು, ನಾ ಏನೂ ಅನ್ನಂಗಿಲ್ಲ. ಒಂದ ನುಡಿ ಹಾಡು."

"ಬ್ಯಾಡ್ರಿ ಮಾಸ್ತರ," ಎಂದಳು ಹುಡುಗಿ. ಅವರನ್ನು ಸಮಾಧಾನ ಮಾಡುವವಳಂತೆ ಕಟ್ಟಿದ ಕೈ ಮುಂದೆ ತಂದು ತೋರಿಸಿದಳು. "ಈಗ ಚೊಲೋ ಕಟ್ಟಾಕ ಬರತೈತ್ರಿ."

ಮರುದಿನ ನಸುಕಿಗೆ ಹೊಳೆಗೆ ಸ್ನಾನಕ್ಕೆ ಹೊರಟ ಮಾಸ್ತರರ ಕಾಲು ಭರಮಮ್ಮನ ಮನೆಯ ಮುಂದೆ ತಾನಾಗಿ ನಿಂತಿತು. ಒಳಗೆ ಬುಡ್ಡಿಯ ಬೆಳಕಿನಲ್ಲಿ ಕಲ್ಲು ತಿರುಗುತ್ತಿತ್ತು. ಗೂಟದ ಮೇಲೆ ಒಂದು ದೊಡ್ಡ ಕೈ, ಒಂದು ಸಣ್ಣ ಕೈ. ಭರಮಮ್ಮ ಒಂದು ನುಡಿ ಹಾಡಿ, ಮಗಳು ಎತ್ತಿಕೊಳ್ಳಲೆಂದು ಸುಮ್ಮನಾದಳು. ಕಲ್ಲು ಎರಡು ಸುತ್ತು ತಿರುಗಿತು. ಆಮೇಲೆ ಮುಂದಿನ ನುಡಿಯನ್ನೂ ತಾಯಿಯೇ ಹಾಡಿದಳು.