ಮೈಲಾರೆಪ್ಪನ ಸಾಗವಾನಿ

ರಿಟೈರ್ ಆಗಲು ಎರಡು ತಿಂಗಳು ಉಳಿದ ಫಾರೆಸ್ಟರ್‌ಗೆ ಬಿಸಿಲಲ್ಲಿ ಮರ ಅಳೆಯುವ ಕೆಲಸ ಕೊಡಬಾರದು. ಕೊಟ್ಟರೆ ಹೋಗಲೇಬೇಕು, ಮತ್ತೇನು! ಶಂಭುಲಿಂಗ ಬೈಕ್ ನಿಲ್ಲಿಸುವಾಗಲೇ ಮೊಣಕಾಲು ತಕರಾರು ತೆಗೆದಿತ್ತು. ಮೂವತ್ತೊಂದು ವರ್ಷ ಅವನು ಮಾಡಿದ್ದು ಇಷ್ಟೇ. ಜನ ಮರ ಕಡಿಯುತ್ತೇವೆ ಅಂದಾಗ ಹೋಗಿ, ಸುತ್ತಳತೆ ಬರೆದುಕೊಂಡು, ಮುದ್ರೆ ಹೊಡೆದು ಬರುವುದು. ಬೆಳೆಸುವುದು ಹೇಗೆಂದು ಕೇಳಿದವರ ಹತ್ತಿರ ಹೋಗಲು ಎಂದೂ ಪುರುಸೊತ್ತು ಸಿಕ್ಕಿರಲಿಲ್ಲ.

ಬ್ಯಾಡಗಿ ಅಂಚಿನ ಈ ಎರಡೆಕರೆ ಸಾಗವಾನಿ ತೋಟದ ಮೂರು ಕಡೆಗೂ ಪ್ಲಾಟಿನ ಕಲ್ಲು ನೆಟ್ಟಾಗಿತ್ತು. ಒಡತಿ ಮೀನಾಕ್ಷಿ ಹಾವೇರಿಯಲ್ಲಿ ಟೇಲರಿಂಗ್ ಅಂಗಡಿ ಇಟ್ಟವಳು. ಮರ ನೆಟ್ಟ ಅಪ್ಪ ಮೈಲಾರೆಪ್ಪ ತೀರಿಕೊಂಡು ವರ್ಷವಾಗಿತ್ತು.

“ಪ್ಲಾಟ್ ಮಾಡೋರು ದಿನಾ ಫೋನ್ ಮಾಡ್ತಾರ್ರಿ ಸರ. ಗಿಡ ಇನ್ನ ದಪ್ಪ ಆಗ್ತಾವ ಅಂದ್ರ ಇಟ್ಕೋತೇನಿ. ಇಲ್ಲಂದ್ರ ಕಡಿಸಿ ಹೊಲ ಅವರಿಗೆ ಕೊಟ್ಟುಬಿಡ್ತೇನಿ. ಖರೇ ಹೇಳ್ರಿ.”

ಅವನು ಒಂದು ಮರಕ್ಕೆ ಟೇಪು ಸುತ್ತಿದ. ಇಪ್ಪತ್ತೆರಡು ವರ್ಷದ ಮರ, ಸುತ್ತಳತೆ ಬರೀ ನಲವತ್ತು ಸೆಂಟಿಮೀಟರ್! ಗುತ್ತಲಕ್ಕೆ ಹೋಗುವ ಕೊನೆಯ ಬಸ್ಸಿನ ಜನರಂತೆ ಮರಗಳು ಒಂದಕ್ಕೊಂದು ಒತ್ತಿ ನಿಂತಿದ್ದವು.

“ನಡನಡುವಿನ ಗಿಡ ಯಾಕ ತಗಸಲಿಲ್ಲ ನಿಮ್ಮಪ್ಪ? ಹತ್ತು ವರ್ಷಕ್ಕ ತಗೀಬೇಕಿತ್ತಲ್ಲ ತಂಗೀ!” ಎಂದು ರೇಗಿದ.

“ನಿಮ್ಮ ಆಫೀಸಿಗೆ ಬರದು ಕೇಳಿದ್ದರಿ ಅಪ್ಪ. ಸಾಹೇಬ್ರು ಬಂದು ತೋರಸ್ತಾರ, ಅಲ್ಲೀತನಕ ಗಿಡಕ್ಕ ಕೊಡ್ಲಿ ಹಚ್ಚಬಾರದು ಅಂತಿದ್ದ.”

ಅವಳು ಚೀಲದಿಂದ ಇಲಾಖೆಯ ಹಳೆಯ ಪತ್ರ ತೆಗೆದಳು. ‘ಸಿಬ್ಬಂದಿ ಕೊರತೆ ಇದ್ದು, ಶೀಘ್ರದಲ್ಲಿಯೇ ಸ್ಥಳ ಪರಿಶೀಲಿಸಲಾಗುವುದು.’ ಹನ್ನೆರಡು ವರ್ಷದ ಹಿಂದಿನ ತಾರೀಖು. ಕೆಳಗೆ ಅವನದೇ ಸಹಿ.

ಮೈಲಾರೆಪ್ಪನ ಮುಖ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಅದೇ ಅವನಿಗೆ ಹೆಚ್ಚು ನಾಚಿಕೆ ತಂದಿತು. ಪತ್ರವನ್ನು ಸುಮ್ಮನೆ ಮಡಚಿ ಕೊಟ್ಟಿದ್ದರೆ ಅವಳಿಗೇನು ಗೊತ್ತಾಗುತ್ತಿತ್ತು? ಆದರೆ ಸುಳ್ಳು ಹೊರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

“ಈ ಸಹಿ ನಂದ ಐತಿ,” ಎಂದ.

ಮೀನಾಕ್ಷಿ ಅವನನ್ನೇ ನೋಡಿದಳು. “ಹಂಗಾದ್ರ ಅಪ್ಪ ಕಾಯ್ದಿದ್ದು ನಿಮ್ಮನ್ನ.”

ಈಗ ಗುರುತು ಹಾಕುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದರೂ ಅವಳ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ಇಸಿದುಕೊಂಡು ಸಾಲಿನೊಳಗೆ ನುಗ್ಗಿದ. ಸೊಟ್ಟಗಿನವು, ಸೊರಗಿದವು, ಒಂದೊಂದಕ್ಕೂ ಗೆರೆ ಎಳೆಯುತ್ತ ಹೋದ. ಎರಡು ತಾಸು ಹಿಡಿಯಿತು. ಅಂಗಿ ಬೆನ್ನಿಗಂಟಿತ್ತು.

“ಗೆರಿ ಇದ್ದವು ಅಷ್ಟ ಕಡಸು. ಉಳದವು ದಪ್ಪ ಆಗ್ತಾವ. ತಡಾ ಆಗೇತಿ ಖರೇ, ಆದ್ರ ಜೀವ ಐತಿ. ಮಳಿಗಾಲ ಮುಗದ ಮ್ಯಾಲೆ ಮತ್ತೊಮ್ಮೆ ನೋಡಬೇಕು. ಬರ್ತೇನಿ.”

ಮೀನಾಕ್ಷಿ ಅದೇ ಪತ್ರವನ್ನು ಬೈಕಿನ ಸೀಟಿನ ಮೇಲೆ ಹರವಿ ಪೆನ್ನು ತೆಗೆದಳು.

“ನಮ್ಮ ಅಂಗಡ್ಯಾಗ ಕೊಡೂ ತಾರೀಖು ಬರೀಲಾರದ ಬಟ್ಟಿ ತಗೊಳ್ಳೂದಿಲ್ಲರಿ ಸರ. ತಾರೀಖು ಹೇಳ್ರಿ.”

ಮಳೆಗಾಲ ಮುಗಿಯುವಷ್ಟರಲ್ಲಿ ಅವನಿಗೆ ಕಚೇರಿಯೂ ಇರುವುದಿಲ್ಲ, ಮುದ್ರೆಯೂ ಇರುವುದಿಲ್ಲ.

“ಅಕ್ಟೋಬರ್ ಎಂಟು,” ಎಂದ.

ಅವನ ಹಳೆಯ ಸಹಿಯ ಕೆಳಗೆ ಅವಳು ಅದನ್ನು ಬರೆದುಕೊಂಡಳು.