ತಯ್ಯಬನ ಹೊಸ ಗಾಡಿಗೆ ಒಂದು ತೂತು

ಕಾಫಿ ಹಣ್ಣು ತುಂಬಿದ ಗೋಣಿಚೀಲ ಸುಮ್ಮನೆ ಕೂರುವುದಿಲ್ಲ, ರಸ ಬಿಡುತ್ತದೆ. ಸಂಜೆ ಹಣ್ಣು ತೂಗಿ, ಗಾಡಿಗೆ ಹೇರಿ, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಇರುವ ಕಡೆ ಮುಟ್ಟಿಸುವಷ್ಟರಲ್ಲಿ ಪಿಕಪ್ಪಿನ ತಳದಲ್ಲಿ ಅಂಟು ನೀರು ನಿಂತಿರುತ್ತದೆ. ಮಾರನೇ ದಿನ ಹುಳಿ ವಾಸನೆ, ನೊಣದ ಕಾಟ. ವರ್ಷ ಕಳೆಯುವುದರೊಳಗೆ ತಗಡಿಗೆ ತುಕ್ಕು. ಜಾವಳಿಯ ಸುತ್ತಮುತ್ತ ಹಣ್ಣು ಸಾಗಿಸುವವರೆಲ್ಲ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಹೊಸ ಗಾಡಿ ಬಂದ ಕೂಡಲೇ ತಳಕ್ಕೆ ಮೂರು ತೂತು ಹೊಡೆದು, ಒಂದೊಂದಕ್ಕೂ ಪೈಪಿನ ತುಂಡು ಸಿಕ್ಕಿಸಿಬಿಡುತ್ತಾರೆ. ರಸ ರಸ್ತೆಯ ಪಾಲು, ಗಾಡಿ ಚೊಕ್ಕ.

ಈ ಕೆಲಸದಲ್ಲಿ ತಯ್ಯಬ್ ಎತ್ತಿದ ಕೈ. ಇಪ್ಪತ್ತು ವರ್ಷದಲ್ಲಿ ಮೂರು ಡೀಸೆಲ್ ಪಿಕಪ್ ಓಡಿಸಿದ್ದಾನೆ. ಮೂರಕ್ಕೂ ಕಬ್ಬಿಣದ ಜಾಲರಿ, ಟಾರ್ಪಾಲು ಹೊದಿಸಲು ಕಮಾನು, ಹಿಂದಿನಿಂದ ಹತ್ತಲು ಮೆಟ್ಟಿಲು, ಎಲ್ಲ ಅವನದೇ ಕೈಕೆಲಸ. ಕಂಪನಿಯವರು ಕೊಟ್ಟ ಗಾಡಿಯನ್ನು ಹಾಗೇ ಓಡಿಸುವವನು ಅವನ ಲೆಕ್ಕದಲ್ಲಿ ಡ್ರೈವರೇ ಅಲ್ಲ.

ಮೂರು ವಾರದ ಹಿಂದೆ ಅವನ ಅಂಗಳಕ್ಕೆ ಕರೆಂಟಿನಲ್ಲಿ ಓಡುವ ಪಿಕಪ್ ಬಂತು. ತಯ್ಯಬ್ ಅದನ್ನು ದಿನಕ್ಕೆರಡು ಸಲ ಒರೆಸಿ ಹಿಗ್ಗುತ್ತಿದ್ದ. ಹೆಂಡತಿ ಸಾಬೀರಾ ಮಾತ್ರ ಅದರ ಹತ್ತಿರವೂ ಸುಳಿಯಲಿಲ್ಲ. ಬ್ಯಾಟರಿ ಗಾಡಿಯೊಂದು ಧಗಧಗ ಉರಿಯುವ ವಿಡಿಯೋವನ್ನು ಅವಳ ಮೊಬೈಲಿಗೆ ಯಾರೋ ಕಳಿಸಿದ್ದರು.

"ಮನೇಲಿ ಚಾರ್ಜ್ ಹಾಕೋದು ಬೇಡ. ಗಾಡಿ ನಿಲ್ಲಿಸೋ ಶೆಡ್ಡಿನ ಗೋಡೆ ಈಚೆಗೇ ಜೋಯಾ ಮಲಗ್ತಾಳೆ," ಎಂದು ಮಗಳ ಹೆಸರು ಹೇಳಿ ಖಡಾಖಂಡಿತವಾಗಿ ನಿಂತುಬಿಟ್ಟಳು. "ಮಳೆ ಬಿದ್ದು ಒಳಗೆ ನೀರು ಹೋದ್ರೆ ಎಂತ ಗತಿ?"

"ಎಂತ ಆಗಲ್ಲ ಮಾರಾಯ್ತಿ. ಮಿಕ್ಸಿಯ ಎಕ್ಸ್‌ಟೆನ್ಶನ್ ಬೋರ್ಡ್ ಇದೆಯಲ್ಲ, ಅದನ್ನೇ ಎಳೆದು ಹಾಕ್ತೀನಿ."

"ಮಿಕ್ಸಿ ಬೋರ್ಡೇ ಮುಟ್ಟಿದ್ರೆ ಚುರ್ ಅನ್ನುತ್ತೆ! ಅದಕ್ಕೆ ಗಾಡಿ ಹಾಕ್ತೀರಾ?"

ಹೀಗಾಗಿ ಮೂರು ವಾರವೂ ತಯ್ಯಬ್ ಚಾರ್ಜಿಗೆಂದು ಮೂಡಿಗೆರೆಗೆ ಹೋಗಿ, ಅಲ್ಲಿ ಅರ್ಧ ದಿನ ಟೀ ಕುಡಿಯುತ್ತ ಕೂತು ಬರುತ್ತಿದ್ದ. ಆದರೆ ಇದು ಎಷ್ಟು ದಿನ ನಡೆದೀತು? ಸೋಮವಾರದಿಂದ ಅಣ್ಣಮ್ಮನವರ ತೋಟದಲ್ಲಿ ಮೊದಲ ಕುಯ್ಲು.

ಅಣ್ಣಮ್ಮ ಜಾವಳಿಯ ಮೇಲಿನ ಗುಡ್ಡದಲ್ಲಿ ನಾಲ್ಕೆಕರೆ ಕಾಫಿ ಇಟ್ಟುಕೊಂಡ ಹಿರಿಯರು. ಹದಿನೆಂಟು ವರ್ಷದಿಂದ ಅವರ ಹಣ್ಣು ತಯ್ಯಬನ ಗಾಡಿಯಲ್ಲೇ ಹೋಗುತ್ತದೆ. ಕುಯ್ದ ಹಣ್ಣು ಇಡೀ ರಾತ್ರಿ ಚೀಲದಲ್ಲೇ ಉಳಿದರೆ ಬಿಸಿಯೇರಿ ಕೆಡುತ್ತದೆ. ಹದಿನೆಂಟು ವರ್ಷದಲ್ಲಿ ಒಂದು ಸಂಜೆಯೂ ತಯ್ಯಬ್ ಅವರಿಗೆ ಕೈಕೊಟ್ಟವನಲ್ಲ. ಊರಿನಲ್ಲಿ ಅವನಿಗಿದ್ದ ಹೆಸರು ಅದೇ, ಅವನ ಜಂಬವೂ ಅದೇ.

ಕೊನೆಗೆ ಸಾಬೀರಾಳೇ ಪಕ್ಕದ ಕೇರಿಯ ವರ್ಷಿಣಿಗೆ ಫೋನ್ ಮಾಡಿದಳು. ವರ್ಷಿಣಿ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಕಲ್ ಓದಿ, ಚಿಕ್ಕಮಗಳೂರಿನಲ್ಲಿ ಇಂಥದೇ ಗಾಡಿಗಳ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕಿರುವ ಹುಡುಗಿ. ಭಾನುವಾರ ಊರಿಗೆ ಬಂದಾಗ ಮನೆಯ ವೈರಿಂಗ್ ನೋಡಿಕೊಡುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದ ತಯ್ಯಬ್, ವರ್ಷಿಣಿ ಬರುವುದರೊಳಗೆ ತೂತಿನ ಕೆಲಸ ಮುಗಿಸಿಬಿಡೋಣ ಎಂದು ಡ್ರಿಲ್ ತೆಗೆದ. ಹಳೇ ಗಾಡಿಯ ತಳಕ್ಕೆ ದಪ್ಪ ಹಲಗೆ ಹಾಸಿದ್ದ. ಅದಕ್ಕೆಂದು ತಂದಿದ್ದ ಉದ್ದನೆಯ ಕೊರೆಯುವ ಮೊನೆ ಡ್ರಿಲ್ಲಿನಲ್ಲೇ ಇತ್ತು. ಅದನ್ನು ಬಿಚ್ಚಿ ಬೇರೆ ಹಾಕುವ ತಾಳ್ಮೆ ಯಾರಿಗಿದೆ! ಹಿಂದಿನ ಮೂಲೆಯಲ್ಲಿ ಮೊದಲ ತೂತು ಸಲೀಸಾಗಿ ಇಳಿಯಿತು. ಎರಡನೆಯದಕ್ಕೆ ತಳದ ನಡುಮಧ್ಯೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಡ್ರಿಲ್ ಊರಿದ್ದನಷ್ಟೆ, ಗೇಟಿನ ಕಡೆಯಿಂದ ಕೂಗು ಬಂತು.

"ತಯ್ಯಬಣ್ಣ! ನಿಲ್ಸಿ! ಡ್ರಿಲ್ ಎತ್ತಿ ಮೊದ್ಲು!"

ವರ್ಷಿಣಿ ಚಪ್ಪಲಿಯನ್ನೂ ಬಿಡದೆ ಓಡಿಬಂದಿದ್ದಳು. ತಯ್ಯಬನಿಗೆ ನಗು ಬಂತು.

"ಎಂತ ಮಾರಾಯ್ತಿ, ಹಾವು ಕಂಡವರ ಹಾಗೆ ಕಿರುಚ್ತೀಯ. ರಸ ಇಳಿಯೋಕೆ ತೂತು. ಎಲ್ಲರೂ ಹೊಡೀತಾರೆ."

"ಡೀಸೆಲ್ ಗಾಡಿಗೆ ಹೊಡೀತಾರೆ ಅಣ್ಣ. ಬನ್ನಿ ಇಲ್ಲಿ, ಕೆಳಗೆ ಬಗ್ಗಿ ನೋಡಿ. ಯಾವುದನ್ನೂ ಮುಟ್ಟಬೇಡಿ."

ಅವಳು ಮೊಬೈಲಿನ ಟಾರ್ಚ್ ಹಾಕಿ ಗಾಡಿಯಡಿಗೆ ಹಿಡಿದಳು. ತಯ್ಯಬ್ ಅಂಗಳದಲ್ಲಿ ಅಂಗಾತ ಮಲಗಿ ಕತ್ತು ಚಾಚಿದ. ಮೂರು ವಾರ ಗಾಡಿಯ ಮೈಯನ್ನೆಲ್ಲ ಒರೆಸಿದ್ದರೂ ಅದರ ಹೊಟ್ಟೆಯನ್ನು ಅವನು ನೋಡಿದ್ದು ಅದೇ ಮೊದಲು.

"ನಡುವೆ ದೊಡ್ಡ ಪೆಟ್ಟಿಗೆ ಕಾಣುತ್ತಲ್ಲ, ಅದೇ ಬ್ಯಾಟರಿ. ನೀವು ಗುರುತು ಹಾಕಿದ್ದು ಸರೀ ಅದರ ನೆತ್ತಿ ಮೇಲೆ."

ಅವಳು ಟಾರ್ಚನ್ನು ಹಿಂದಿನ ಮೂಲೆಗೆ ಸರಿಸಿದಳು.

"ಈಗ ಹಿಂದೆ ನೋಡಿ. ನೀವು ಹೊಡೆದ ತೂತಿಂದ ಬೆಳಕು ಬರ್ತಾ ಇದೆ. ಅದರ ಪಕ್ಕ ಕಿತ್ತಳೆ ಬಣ್ಣದ ದಪ್ಪ ವೈರು. ಗಾಡಿ ಎಳೆಯೋ ಕರೆಂಟೆಲ್ಲ ಹರಿಯೋದು ಅದರಲ್ಲೇ. ಕೈ ಹಾಕಬೇಡಿ ಅಂತ ಹೇಳೋಕೇ ಆ ಬಣ್ಣ ಕೊಟ್ಟಿರೋದು."

ಕಿತ್ತಳೆ ವೈರಿನ ಕವಚದ ಮೇಲೆ ಉಗುರುದ್ದದ ಬಿಳಿ ಗೀರು ಇತ್ತು. ಅದು ಡ್ರಿಲ್ಲಿನ ಗೀರು ಎಂದು ತಯ್ಯಬನಿಗೆ ಯಾರೂ ಹೇಳಬೇಕಾಗಲಿಲ್ಲ. ಇನ್ನೊಂದು ಚೂರು ಒತ್ತಿದ್ದರೆ? ಇಪ್ಪತ್ತು ವರ್ಷ ನಂಬಿದ ತನ್ನ ಕೈಯ ಮೇಲೇ ಅವನಿಗೆ ಆ ಗಳಿಗೆ ಭಯವಾಯಿತು.

ಬಾಗಿಲಲ್ಲಿ ನಿಂತಿದ್ದ ಸಾಬೀರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಾನು ಮಳೆಗೆ ಹೆದರಿದ್ದೆ," ಎಂದಳು.

"ಮಳೆಗೆ ಅಂತಲೇ ಆ ಬ್ಯಾಟರಿ ಪೆಟ್ಟಿಗೇನ ಬಿಗಿಯಾಗಿ ಮುಚ್ಚಿರ್ತಾರೆ ಸಾಬೀರಕ್ಕ," ಎಂದಳು ವರ್ಷಿಣಿ. "ನಮ್ಮ ಕಡೆ ಮಳೆಗೂ ತಡೆಯುತ್ತೆ. ಆದ್ರೆ ನಾವೇ ಮೇಲಿಂದ ದಾರಿ ಮಾಡಿಕೊಟ್ರೆ ನೀರು ಬರಲ್ಲ ಅನ್ನುತ್ತಾ? ಹಣ್ಣಿನ ರಸಾನೂ ಅದೇ ದಾರೀಲಿ ಇಳಿಯೋದು."

ತಯ್ಯಬ್ ತಲೆ ತಗ್ಗಿಸಿಯೇ ಮೆಲ್ಲಗೆ ಹೇಳಿದ, "ಪೇಸ್ಟ್ ಹಾಕಿ ತೂತು ಮುಚ್ಚಿಬಿಡ್ತೀನಿ ವರ್ಷಿಣಿ. ಸೆಂಟರಲ್ಲಿ ಹೇಳಬೇಡ. ವಾರಂಟಿ ಇಲ್ಲ ಅಂದುಬಿಟ್ರೆ? ನಾಳೆ ಅಣ್ಣಮ್ಮನೋರ ಹಣ್ಣು ಬೇರೆ ಇದೆ."

"ತೂತೇನೋ ಮುಚ್ಚುತ್ತೆ. ಗೀರು ಒಳಗೆ ಎಷ್ಟು ಇಳಿದಿದೆ ಅಂತ ಯಾರು ನೋಡೋದು ಅಣ್ಣ? ಅದನ್ನ ನೋಡದೆ ಗಾಡಿ ಚಾಲೂ ಮಾಡೋ ಹಾಗಿಲ್ಲ, ಚಾರ್ಜೂ ಹಾಕೋ ಹಾಗಿಲ್ಲ. ನಾನು ಹೊಸಬಳು, ಈ ವೈರು ಬಿಚ್ಚೋ ತರಬೇತಿ ನನಗೂ ಆಗಿಲ್ಲ. ನಮ್ಮ ಸೀನಿಯರ್ ಉಮೇಶ್ ಸರ್ ಬರಬೇಕು. ಅವರು ಬರೋದು ನಾಳೆ."

ನಾಳೆ ಎಂದರೆ ಸೋಮವಾರ! ತಯ್ಯಬ್ ಹೆಂಡತಿಯ ಮುಖ ನೋಡಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಒಳಗೆ ಹೋಗಿ ಅವನ ಫೋನ್ ತಂದು ಕೈಗಿಟ್ಟಳು.

"ಅಣ್ಣಮ್ಮನೋರಿಗೆ ಹೇಳಿ. ಇದ್ದದ್ದು ಇದ್ದ ಹಾಗೆ ಹೇಳಿ," ಎಂದಳು.

ಹದಿನೆಂಟು ವರ್ಷದಲ್ಲಿ ಬರುವುದಿಲ್ಲ ಎಂದು ಹೇಳಲು ಅವನು ಅವರಿಗೆ ಫೋನ್ ಮಾಡಿದ್ದು ಅದೇ ಮೊದಲು. "ಅಮ್ಮಾ, ನಾಳೆ ಗಾಡಿ ಬರಲ್ಲ. ನಂದೇ ತಪ್ಪು," ಎಂದು ಶುರುಮಾಡಿ ತೂತಿನ ಕಥೆಯನ್ನೆಲ್ಲ ಹೇಳಿದ. ಹಣ್ಣು ಬೇರೆ ಗಾಡಿಗೆ ಹೋಯಿತು ಎಂದೇ ತಯ್ಯಬ್ ತಿಳಿದ.

"ನಿಂಗೆ ಬುದ್ಧಿ ಯಾವಾಗ ಬರುತ್ತೋ ಮಾರಾಯ," ಎಂದರು ಅಣ್ಣಮ್ಮ. "ಕುಯ್ಲು ಬುಧವಾರಕ್ಕೆ ಹಾಕ್ತೀನಿ. ಹಣ್ಣು ಗಿಡದಲ್ಲಿ ಎರಡು ದಿನ ಇರುತ್ತೆ, ಎಂತ ಓಡಿಹೋಗಲ್ಲ. ನೀನು ಇರಬೇಕಲ್ಲ ಹೊರೋಕೆ! ಆ ಗಾಡಿ ಹತ್ರ ಹೋಗಬೇಡ ಈಗ."

ತಯ್ಯಬನ ಕಣ್ಣು ತುಂಬಿತು. ಅದನ್ನು ಮರೆಮಾಚಲು ಅವನು ಟಾರ್ಪಾಲು ಹುಡುಕಲು ಹೋದ. ಗಾಡಿಯನ್ನು ಚಾಲೂ ಮಾಡದೆ, ನಾಲ್ಕು ಜನ ಸೇರಿ ತಳ್ಳಿ, ಮನೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ ತೂತಿನ ಮೇಲೆ ಟಾರ್ಪಾಲು ಹೊದಿಸಿದರು.

ಸೋಮವಾರ ಉಮೇಶ್ ದಪ್ಪ ರಬ್ಬರ್ ಕೈಗವಸು, ಪರೀಕ್ಷೆಯ ಮೀಟರು ಹಿಡಿದು ಬಂದ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಆಮೇಲೆ ತಳದ ತಗಡು ಬಿಚ್ಚಿದ. ಎರಡು ಗಂಟೆ ನೋಡಿ ಹೊರಬಂದು ಕೇಳಿದ, "ಯಾರು ಹೊಡೆದದ್ದು ಇದನ್ನ?"

"ನಾನೇ ಸರ್," ಎಂದ ತಯ್ಯಬ್.

"ಹೇಳಿದ್ದು ಒಳ್ಳೇದಾಯ್ತು. ಕವಚ ಮಾತ್ರ ಗೀರಿದೆ, ಒಳಗೆ ಸರಿಯಾಗಿದೆ. ಆದ್ರೆ ಹಣ್ಣಿನ ರಸ ಇಳಿದು ಇಳಿದು ಮುಂದಿನ ಮಳೆಗಾಲದೊಳಗೆ ಏನಾಗ್ತಿತ್ತೋ ಹೇಳೋಕಾಗಲ್ಲ." ಅಲ್ಲೇ ಹೊಸ ಕವಚ ಹಾಕಿ ತೂತನ್ನೂ ಭದ್ರವಾಗಿ ಮುಚ್ಚಿದ, ಅದರ ಖರ್ಚು ತಯ್ಯಬನ ತಲೆಗೇ ಬಂತು. ಬ್ಯಾಟರಿಗೆ ಏನೂ ಆಗಿಲ್ಲವೆಂದು ಉಮೇಶ್ ಬರೆದು ಸಹಿ ಹಾಕಿ ಕೊಟ್ಟ.

ಇನ್ನು ರಸದ ಗತಿ? ತಯ್ಯಬ್ ಸಪ್ಪೆ ಮುಖ ಮಾಡಿ ಕೂತಿದ್ದ. ರಜೆ ಹಾಕಿ ಊರಲ್ಲೇ ಉಳಿದಿದ್ದ ವರ್ಷಿಣಿ ನಕ್ಕಳು. "ಕೈಕೆಲಸ ಬಿಡಿ ಅಂತ ಯಾರು ಹೇಳಿದ್ರು ಅಣ್ಣ? ಮಾಡೋದೆಲ್ಲ ತಗಡಿನ ಮೇಲೆ ಮಾಡಿ. ಕೊರೆಯೋದು, ಬೆಸುಗೆ ಹಾಕೋದು, ಲೈಟಿಗೆ ಅಂತ ವೈರು ಕಡಿಯೋದು, ಇದೊಂದು ಬೇಡ. ಬೇಕಾದ್ರೆ ನಮ್ಮನ್ನ ಕೇಳಿ."

ಅಷ್ಟು ಸಾಕಾಯಿತು. ಮಂಗಳವಾರ ಸಂಜೆಯೊಳಗೆ ತಯ್ಯಬ್ ಫೈಬರ್ ಶೀಟಿನಲ್ಲಿ ಗಾಡಿಯ ತಳದಷ್ಟೇ ಅಗಲದ, ಅಂಚು ಎತ್ತಿದ ತಟ್ಟೆ ಮಾಡಿದ. ಹಿಂದಕ್ಕೆ ತುಸು ಇಳಿಜಾರು, ತುದಿಗೊಂದು ಕೊಳವೆ, ಕೊಳವೆಯ ಬಾಯಿಗೆ ಕ್ಯಾನು. ರಸ ಈಗ ರಸ್ತೆಗೂ ಬೀಳುವುದಿಲ್ಲ, ಗೊಬ್ಬರದ ಗುಂಡಿಗೆ ಹೋಗುತ್ತದೆ. ಕಬ್ಬಿಣದ ಜಾಲರಿಯ ಬದಲು ಹಗುರಾದ ಬಲೆಯನ್ನು ಕಂಪನಿಯವರೇ ಬಿಟ್ಟಿದ್ದ ಬೋಲ್ಟಿನ ಜಾಗಕ್ಕೆ ಬಿಗಿದ. ಗಾಡಿಯ ತೂಕ ಹೆಚ್ಚಿದಷ್ಟೂ ಒಂದು ಚಾರ್ಜಿಗೆ ಓಡುವ ದೂರ ಕಡಿಮೆ, ಹೇರುವ ಚೀಲವೂ ಕಡಿಮೆ ಎಂಬುದು ಅವನಿಗೆ ಹೊಳೆದಿತ್ತು.

ಅದೇ ದಿನ ವರ್ಷಿಣಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದಳು. ಮೇನ್ ಬೋರ್ಡಿನಿಂದ ಗಾಡಿಗೆಂದೇ ಬೇರೆ ಲೈನು ಎಳೆದು, ಅಂಗಳದಲ್ಲಿ ಅರ್ತಿಂಗ್ ಗುಂಡಿ ತೆಗೆದು, ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಸ್ವಿಚ್ಚು ಹಾಕಿದರು. ಸಾಬೀರಾ ಬಿಡಲಿಲ್ಲ. ಸ್ವಿಚ್ಚು ಬೀಳುತ್ತದೋ ಇಲ್ಲವೋ ಎಂದು ಅದರ ಟೆಸ್ಟ್ ಬಟನ್ ಒತ್ತಿಸಿ ಎರಡು ಸಲ ನೋಡಿದಳು. ಎರಡು ಸಲವೂ ಟಪ್ಪನೆ ಬಿತ್ತು. ಆಮೇಲೆ ಚಾರ್ಜರನ್ನು ಕೈಗೆತ್ತಿಕೊಂಡು ಗಾಡಿಗೆ ತಾನೇ ಸಿಕ್ಕಿಸಿದಳು.

ಬುಧವಾರ ಸಂಜೆ ತಯ್ಯಬ್ ಗುಡ್ಡ ಹತ್ತಿ ಅಣ್ಣಮ್ಮನವರ ಗೇಟಿನ ಮುಂದೆ ನಿಂತ. ಹಾರ್ನ್ ಹೊಡೆದ ಮೇಲೇ ಅವರು ಹೊರಗೆ ಬಂದದ್ದು. "ಬಂದಿದ್ದೇ ಗೊತ್ತಾಗಲ್ವಲ್ಲ ಮಾರಾಯ ಇದು! ತಿರುವಿನಲ್ಲಿ ಹುಷಾರು, ದನ ಕರುಗೂ ಕೇಳಿಸಲ್ಲ," ಎಂದರು. ತುಂಬಿದ ಗಾಡಿ ಇಳಿಜಾರಿನಲ್ಲಿ ಮೆಲ್ಲಗೆ ಇಳಿಯುವಾಗ ಬ್ಯಾಟರಿಯ ಅಂಕಿ ಕರಗುವ ಬದಲು ಎರಡು ಮೇಲೇರಿತು. ಇಳಿಯುವಾಗ ಗಾಡಿ ತಾನೇ ಒಂದಿಷ್ಟು ಚಾರ್ಜ್ ಮಾಡಿಕೊಳ್ಳುತ್ತದೆಂದು ವರ್ಷಿಣಿ ಹೇಳಿದ್ದಳು. ತಯ್ಯಬ್ ಒಬ್ಬನೇ ನಕ್ಕ. ಅಂದು ಹಣ್ಣು ಹೊತ್ತಿಗೆ ಸರಿಯಾಗಿ ಪಲ್ಪರ್ ಮುಟ್ಟಿತು.

ಅಣ್ಣಂದಿರೇ, ಅಕ್ಕಂದಿರೇ, ಕರೆಂಟಿನ ಗಾಡಿ ನಮ್ಮ ಗುಡ್ಡಕ್ಕೆ ಒಗ್ಗುವ ಗಾಡಿ. ಅದನ್ನು ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಮಾಡಿಕೊಳ್ಳಿ, ಬೇಡ ಎನ್ನುವವರಿಲ್ಲ. ಆದರೆ ಡ್ರಿಲ್ ಎತ್ತುವ ಮುಂಚೆ ಗೊತ್ತಿರುವವರನ್ನು ಕೇಳಿ. ಅರ್ತಿಂಗ್ ಇಲ್ಲದ ಕಡೆ, ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಚಾರ್ಜ್ ಹಾಕಬೇಡಿ. ಇಷ್ಟರ ಮೇಲೂ ಕೈತಪ್ಪಿ ಏನಾದರೂ ಆಗಿಬಿಟ್ಟಿದ್ದರೆ, ಗಾಡಿಯನ್ನು ಹಾಗೇ ನಿಲ್ಲಿಸಿ, ಮನೆಯಿಂದ ದೂರ ಇರಿಸಿ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಇದು ನನ್ನ ಕೈಯಿಂದಲೇ ಆದದ್ದು ಎಂದು ಹೇಳಿ. ಹೇಳಿದರೆ ಒಂದು ಗಳಿಗೆ ನಾಚಿಕೆ ಆಗಬಹುದು. ಮುಚ್ಚಿಟ್ಟರೆ ಗೋಡೆಯ ಆಚೆ ಮಲಗಿದ ಮಕ್ಕಳಿಗೆ ಪಕ್ಕದಲ್ಲೇ ಅಪಾಯ ಇದೆಯೆಂದು ಗೊತ್ತೇ ಇರುವುದಿಲ್ಲ.