ಮೊದಲು ಹೋದ ಮರದ ಬೀರು

ಹೊಸ ಬೀರು ಕೊಂಡು ತಂದು, ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಅತ್ತ ಹೋಗದೆ ಇತ್ತ ಬಾರದೆ ಒದ್ದಾಡಿದ ಅನುಭವ ಯಾರಿಗಿಲ್ಲ ಹೇಳಿ? ಮೇಲಿನಿಂದ ಒಬ್ಬರು "ಎಳೀರಿ" ಅಂತಾರೆ, ಕೆಳಗಿನಿಂದ ಇನ್ನೊಬ್ಬರು "ತಳ್ಳಬೇಡಿ" ಅಂತಾರೆ, ಪಕ್ಕದ ಮನೆಯವರು ಬಂದು ಪುಕ್ಕಟೆ ಸಲಹೆ ಕೊಟ್ಟು ಹೋಗ್ತಾರೆ. ಮನೆಯಲ್ಲಾದರೆ ಬೀರುವಿನ ಬಣ್ಣ ಹೋಗುತ್ತೆ, ಗೋಡೆ ಗಾರೆ ಉದುರುತ್ತೆ. ಹಡಗಿನಲ್ಲಾದರೆ? ಅದನ್ನೇ ಹೇಳೋಕೆ ಹೊರಟಿದ್ದೀನಿ, ಕೇಳಿ.

ಹಡಗು ರಿಪೇರಿ ಮಾಡುವ ಕಟ್ಟೆಯಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಭಾರದ ಸಾಮಾನು ಎತ್ತಿ ಇಳಿಸುವ ತಂಡಕ್ಕೆ ಅವರೇ ಯಜಮಾನರು. ಟೇಪು ಬಿಚ್ಚೋದಕ್ಕೆ ಮುಂಚೆಯೇ ಇಂತಿಷ್ಟು ಉದ್ದ ಅಂತ ಹೇಳಿಬಿಡೋರು, ಹೆಚ್ಚೂಕಡಿಮೆ ಸರಿಯಾಗೇ ಇರೋದು. ಹಾಗಾಗಿ ಎಲ್ಲರೂ ಅವರನ್ನು ಕಣ್ಣಳತೆ ಮೇಸ್ತ್ರಿ ಅಂತಿದ್ದರು. ಆ ಹೆಸರು ಕೇಳಿದರೆ ಅವರಿಗೆ ಒಳಗೊಳಗೇ ಖುಷಿ.

ಒಂದು ಸಲ ಎಲೆಕ್ಟ್ರಾನಿಕ್ ಯಂತ್ರಗಳು ತುಂಬಿದ ಕಬ್ಬಿಣದ ಕ್ಯಾಬಿನೆಟ್‌ಗಳು ಬಂದವು. ಆಳೆತ್ತರಕ್ಕೂ ಮೇಲೆ, ತಂಡದವರೆಲ್ಲ ಸೇರಿದರೂ ಜಗ್ಗದ ತೂಕ. ತಂಡದವರು ಅವಕ್ಕೂ ಬೀರು ಅಂತಲೇ ಹೆಸರಿಟ್ಟರು. ಹಡಗಿನ ಒಳಕೋಣೆಯಲ್ಲಿ ಅವನ್ನು ಸಾಲಾಗಿ ಕೂರಿಸಬೇಕಿತ್ತು. ನೆಲಕ್ಕೆ ಪೀಠಗಳನ್ನು ಬೆಸುಗೆ ಹಾಕಿಸಿ, ಬೋಲ್ಟಿನ ತೂತು ಸರಿಯಾಗಿ ಕೂರುತ್ತಾ ಅಂತ ನೋಡಿ ಆಗಿತ್ತು. ಮರುದಿನ ಕ್ರೇನ್ ಬರೋದಿತ್ತು.

ಆ ಸಂಜೆ ಮೇಸ್ತ್ರಿ ಮನೆಗೆ ಅವರ ನಾದಿನಿ ಬಂದಳು. ಹೆಂಡತಿಯ ತಂಗಿ, ಅದೇ ಕಟ್ಟೆಯ ಮರಗೆಲಸದ ಶೆಡ್ಡಿನಲ್ಲಿ ಕೆಲಸ, ಬಾಯಿ ಸ್ವಲ್ಪ ಜೋರು. ಮೇಸ್ತ್ರಿಯ ತಮ್ಮನೂ ಊಟಕ್ಕೆ ಕೂತಿದ್ದ. ಅವನು ಅಣ್ಣನ ತಂಡದಲ್ಲೇ ದುಡಿಯೋನು.

"ಭಾವ, ನಾಳೆ ಬೀರು ಹೋಗೋ ದಾರಿ ನೋಡಿದ್ರಾ?" ಅಂದಳು ನಾದಿನಿ.

"ನೋಡದೆ ಇರ್ತೀನಾ? ಬಾಗಿಲು ಅಳೆದಿದ್ದೀನಿ, ಒಳಕೋಣೆಗೆ ಹೋಗೋ ಓಣಿ ಅಳೆದಿದ್ದೀನಿ, ಸೂರೂ ಅಳೆದಿದ್ದೀನಿ. ಬೀರುಗಿಂತ ಸೂರು ಒಂದು ಗೇಣು ಮೇಲಿದೆ. ಇನ್ನೇನು ಬೇಕಮ್ಮಾ ನಿನಗೆ?"

"ನೀರು ನುಗ್ಗಬಾರದು ಅಂತ ಹಡಗಿನ ಬಾಗಿಲಿಗೆ ಮೊಣಕಾಲುದ್ದ ಹೊಸ್ತಿಲು ಇಟ್ಟಿರ್ತಾರಲ್ಲ. ಅದನ್ನ ದಾಟಿಸೋದು ಹೇಗೆ?"

"ಬೀರು ಮಲಗಿಸಿ ದಾಟಿಸೋದು, ಒಳಗೆ ಹೋದ ಮೇಲೆ ಎಬ್ಬಿಸಿ ನಿಲ್ಲಿಸೋದು."

"ಎಬ್ಬಿಸೋಕೆ ಜಾಗ ಸಾಲುತ್ತಾ?"

"ಏ, ನಿಂತ್ಕೊಳ್ಳೋಕೆ ಸಾಲೋ ಜಾಗ ಎದ್ದೇಳೋಕೆ ಸಾಲಲ್ವಾ? ಸುಮ್ನೆ ಊಟ ಮಾಡು."

ನಾದಿನಿ ಬಿಡಲಿಲ್ಲ. "ಶೆಡ್ಡಲ್ಲಿ ಮರದ ಪಟ್ಟಿಗಳು ಬೇಕಾದಷ್ಟು ಬಿದ್ದಿವೆ ಭಾವ. ಬೀರುವಿನ ಅಳತೆಗೇ ಒಂದು ಟೊಳ್ಳು ಚೌಕಟ್ಟು ಹೊಡೆದು ಕೊಡ್ತೀನಿ. ಇಬ್ಬರು ಸಲೀಸಾಗಿ ಎತ್ಕೊಂಡು ಹೋಗಬಹುದು. ಮೊದಲು ಅದು ಹೋಗಿ ಬರಲಿ, ಕಬ್ಬಿಣದ್ದು ಆಮೇಲೆ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಿದೆ! ಎಲ್ಲರೂ ನೋಡ್ತಿರುವಾಗ ನಾನು ಮರದ ಬೀರು ಹೊತ್ಕೊಂಡು ಮೆರವಣಿಗೆ ಹೋಗ್ಲಾ? ಕಣ್ಣಳತೆ ಮೇಸ್ತ್ರಿ ಮಕ್ಕಳಾಟ ಶುರು ಮಾಡಿದ ಅಂತ ಆಡ್ಕೊಳ್ತಾರೆ."

"ಆಡ್ಕೊಳ್ಳಲಿ ಬಿಡಿ, ನಿಮ್ಮ ಗಂಟೇನು ಹೋಗುತ್ತೆ? ಇದೊಂದು ಹೇಳಿ. ಓಣಿ ಒಳಗೆ ನಿಂತು ಬೀರು ಎಳೆಯೋರು ಯಾರು?"

"ನಾನೇ," ಅಂದ ತಮ್ಮ, ತುತ್ತು ಬಾಯಿಗಿಡುತ್ತಾ.

"ಬೀರು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ್ರೆ ಇವನು ಹೊರಗೆ ಬರೋದು ಯಾವ ಕಡೆಯಿಂದ? ಇನ್ನೊಂದು ಬಾಗಿಲಿದೆಯಾ?"

ಮೇಸ್ತ್ರಿ ತಟ್ಟೆಯ ಅನ್ನ ಕಲಸತೊಡಗಿದರು. ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದೇ ನಿಂತರು. "ರೀ, ಅವಳು ಕೇಳ್ತಿರೋದು ನಿಮ್ಮನ್ನೇ."

"ಇಲ್ಲ. ಇರೋದು ಒಂದೇ ಬಾಗಿಲು."

"ಹಾಗಾದ್ರೆ ನಗೋರು ನಗಲಿ. ನಿಮ್ಮ ಹೆಸರಿಗೋಸ್ಕರ ನನ್ನ ಮೈದುನ ಕೈಕಾಲು ಮುರ್ಕೊಳ್ಳೋದು ಬೇಡ."

"ಆಯ್ತು ಬಿಡ್ರಮ್ಮಾ. ಅಕ್ಕ ತಂಗಿ ಒಂದಾದ ಮೇಲೆ ನನ್ನ ಮಾತು ಎಲ್ಲಿ ನಡೆಯುತ್ತೆ?" ಅಂತ ಮೇಸ್ತ್ರಿ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಬೆಳಿಗ್ಗೆ ಮರದ ಬೀರು ಹಡಗು ಹತ್ತಿತು. ಬೆಸುಗೆಯವನೊಬ್ಬ ಮೇಲಿನಿಂದ ಕೂಗಿದ, "ಏನ್ ಮೇಸ್ತ್ರಿ, ಒಳಗೆ ಗಾಳಿ ತುಂಬಿದೀರಾ?"

"ಹೂಂ ಕಣೋ, ನಿನ್ನ ತಲೆಯಲ್ಲಿರೋದನ್ನೇ ತುಂಬಿದ್ದೀನಿ," ಅಂದರು ಮೇಸ್ತ್ರಿ. ಆದರೂ ಕಿವಿ ಕೆಂಪಾಗಿತ್ತು.

ಹೊಸ್ತಿಲು ದಾಟೋದೇನೋ ಸಲೀಸಾಗಿ ಆಯಿತು. ತಮ್ಮ ಒಳಗಿನಿಂದ ಎಳೆದ, ಉಳಿದವರು ಹೊರಗಿನಿಂದ ತಳ್ಳಿದರು. ಎಬ್ಬಿಸಿ ನಿಲ್ಲಿಸೋಣ ಅಂತ ಹೋದರೆ ಚೌಕಟ್ಟಿನ ಮೇಲ್ಮೂಲೆ ಸೂರಿನಡಿಯ ಗಾಳಿ ಕೊಳವೆಗೆ ಠಪ್ಪಂತ ತಾಗಿತು. ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಿಂದಕ್ಕೆ ಜಗ್ಗಿದರೆ ಕೆಳಮೂಲೆ ಹೊಸ್ತಿಲಿಗೆ ಕಚ್ಚಿಕೊಂಡಿತು.

"ಇರಣ್ಣ, ಸ್ವಲ್ಪ ಈ ಕಡೆ ಸರಿಸ್ತೀನಿ," ಅಂತ ತಮ್ಮ ಗೋಡೆಗೂ ಚೌಕಟ್ಟಿಗೂ ನಡುವೆ ಅಂಗೈ ತೂರಿಸಿದ. ಅಷ್ಟರಲ್ಲಿ ಹೊರಗಿನವರು ಒಮ್ಮೆ ತಳ್ಳಿದರು. ಚೌಕಟ್ಟು ಜಾರಿತು. "ಅಯ್ಯಪ್ಪಾ!" ಅಂತ ಅವನು ಕೈ ಎಳೆದುಕೊಂಡ. ಬೆರಳ ಗೆಣ್ಣಿನ ಮೇಲೆ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಹೊರಗಿದ್ದವರು ಗೊಳ್ಳೆಂದು ನಕ್ಕರು. "ಏನಿಲ್ಲಣ್ಣ, ತರಚಿತು ಅಷ್ಟೇ," ಅಂತ ಅವನೂ ನಕ್ಕ.

ಮೇಸ್ತ್ರಿ ನಗಲಿಲ್ಲ. ಚೌಕಟ್ಟನ್ನು ಪಕ್ಕಕ್ಕೆ ಒರಗಿಸಿ, ತಮ್ಮನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದರು. ಕೆಳಗೆ ಕಟ್ಟೆಯ ಮೇಲೆ ಕಬ್ಬಿಣದ ಬೀರು ನಿಂತಿತ್ತು. ಈಗ ಬಂದದ್ದು ಅದಾಗಿದ್ದರೆ?

"ಅಲ್ಲಿ ಯಾಕೋ ಕೈ ಇಟ್ಟೆ?"

"ಯಾವಾಗಲೂ ಹೀಗೇ ತಾನೆ ಇಡೋದು? ನೀನೇ ಕಲಿಸಿದ್ದು ಅಣ್ಣ."

ಮೇಸ್ತ್ರಿ ಅವನ ಕೈ ಬಿಟ್ಟು ಹೊರಗೆ ಬಂದರು. ಕ್ರೇನಿನವನಿಗೆ, "ಈಗಲೇ ಎತ್ತಬೇಡಪ್ಪಾ," ಅಂತ ಕೂಗಿ ಹೇಳಿ, ನಾದಿನಿಯನ್ನು ಕರೆಸಿದರು. ಅವಳು ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿ ತೋರಿಸಿದಳು. ಮಲಗಿದ ಬೀರು ಏಳುವಾಗ ಅದರ ಮೂಲೆ ಬೀರುವಿನ ಎತ್ತರಕ್ಕಿಂತ ಮೇಲಕ್ಕೆ ಹೋಗಿ, ಆಮೇಲೆ ಕೆಳಗಿಳಿಯುತ್ತದೆ. ಕೊಳವೆಯ ಕೆಳಗೆ ಅಷ್ಟು ಜಾಗವಿರಲಿಲ್ಲ. ಮೇಸ್ತ್ರಿಯ ಟೇಪಿಗೂ ಅದು ಸಿಕ್ಕಿರಲಿಲ್ಲ, ಕಣ್ಣಿಗೂ ಸಿಕ್ಕಿರಲಿಲ್ಲ.

ಆಮೇಲೆ ಕೆಲಸ ನಿಧಾನವಾಗಿ, ಸರಿಯಾಗಿ ನಡೆಯಿತು. ಹಡಗಿನವರನ್ನು ಕೇಳಿ ಗಾಳಿ ಕೊಳವೆಯ ಒಂದು ತುಂಡು ಬಿಚ್ಚಿಸಿದರು. ಬೀರುವಿನ ಒಳಗಿನ ಯಂತ್ರಗಳನ್ನು ಹೊರತೆಗೆದು ತೂಕ ಇಳಿಸಿದರು. ಬೀರುವಿಗೆ ಹಗ್ಗ ಕಟ್ಟಿ, ಅದನ್ನು ಒಳಕೋಣೆಯಲ್ಲಿ ಬಿಗಿದ ರಾಟೆಗೆ ಸುತ್ತಿ, ತುದಿಯನ್ನು ಹೊರಕ್ಕೆ ತಂದು ಎಲ್ಲರೂ ಹೊರಗಿನಿಂದಲೇ ಎಳೆದರು. ಬೀರು ದಾಟಿ ಮುಂದೆ ಹೋದ ಮೇಲೆಯೇ ಜನ ಅದರ ಹಿಂದೆ ಒಳಗೆ ಹೋದದ್ದು, ಬಾಗಿಲು ಬೆನ್ನ ಹಿಂದೆ ತೆರೆದೇ ಇತ್ತು. ಬೀರು ಅಲುಗುವಾಗ ಸಂದಿಯಲ್ಲಿ ಯಾರೂ ಕೈ ಇಡಲಿಲ್ಲ, ಉದ್ದನೆ ಕೋಲು ಬಳಸಿದರು. ಹೇಳೋ ಬಾಯಿ ಒಂದೇ, ಮೇಸ್ತ್ರಿಯದು. ಹೊತ್ತಿಳಿಯೋದರೊಳಗೆ ಬೀರುಗಳೆಲ್ಲ ಪೀಠದ ಮೇಲೆ ಕೂತವು.

ಮನೆಗೆ ಬಂದು ಮೇಸ್ತ್ರಿ ಹೆಂಡತಿಗೆ ಹೇಳಿದರು, "ಇವತ್ತು ನಿಜವಾಗಲೂ ಹೆದರಿಬಿಟ್ಟೆ ಕಣೇ. ನಿನ್ನ ತಂಗಿಗೆ ಹೇಳು, ಆ ಚೌಕಟ್ಟು ಒಡೆಯೋದು ಬೇಡ. ಮುಂದಿನ ಹಡಗಿಗೂ ಬೇಕು."

"ನೀವೇ ಹೇಳಿ, ಅವಳೇನು ನಿಮ್ಮನ್ನ ತಿಂದುಹಾಕ್ತಾಳಾ?" ಅಂದರು ಹೆಂಡತಿ. ಮೇಸ್ತ್ರಿ ಹೇಳಿದರು. ನಾದಿನಿ ಎಷ್ಟು ದಿನ ಅದನ್ನೇ ಹಿಡಿದು ಆಡಿಕೊಂಡಳು ಅನ್ನೋದು ಬೇರೆ ಮಾತು.

ಭಾರ ಎತ್ತುವ ಅಣ್ಣಂದಿರೇ, ಅಕ್ಕಂದಿರೇ, ಹಡಗಾಗಲಿ, ಕಾರ್ಖಾನೆಯಾಗಲಿ, ನಿಮ್ಮ ಮನೆಯ ಮೆಟ್ಟಿಲೇ ಆಗಲಿ, ಭಾರದ್ದು ಹೋಗುವ ದಾರಿಯಲ್ಲಿ ಮೊದಲು ಹಗುರದ್ದನ್ನು ಕಳಿಸಿ. ಸಿಕ್ಕಿಹಾಕಿಕೊಳ್ಳೋದಿದ್ದರೆ ಅದೇ ಸಿಕ್ಕಿಹಾಕಿಕೊಳ್ಳಲಿ. ಒಳಗೆ ನಿಲ್ಲುವವರಿಗೆ ಹೊರಗೆ ಬರುವ ದಾರಿ ಇದೆಯಾ ನೋಡಿ, ಇಲ್ಲದಿದ್ದರೆ ಯಾರನ್ನೂ ನಿಲ್ಲಿಸಬೇಡಿ. ಮತ್ತೆ ಇನ್ನೊಂದು ಮಾತು. ನಿಮ್ಮ ಜೊತೆ ಕೆಲಸ ಕಲಿತವರು, ನೀವು ಎಲ್ಲಿ ಕೈ ಇಡುತ್ತಿದ್ದಿರೋ ಅಲ್ಲೇ ಇಡುತ್ತಾರೆ. ನಾಳೆ ಭಾರ ಎತ್ತೋದಕ್ಕೆ ಮುಂಚೆ ಒಂದು ಕ್ಷಣ ನಿಂತು, ಅವರ ಕೈ ಎಲ್ಲಿದೆ ನೋಡಿ.